ಗುಳ್ಳಕಾಯಿಯ ಪಾತ್ರೆ, ಪ್ಲಾಸ್ಟಿಕ್ಕಿನ ಹೊದಿಕೆ

ಶ್ರವಣಬೆಳಗೊಳದ ವಿಂಧ್ಯಗಿರಿಯ ಮೇಲೆ 58 ಅಡಿ ಎತ್ತರದ ಗೊಮ್ಮಟೇಶ್ವರ ಸ್ವಾಮಿಗೆ ಎದುರಾಗಿ, ಪ್ರಾಕಾರದ ದ್ವಾರದ ಹೊರಗೆ, ಪುಟ್ಟದೊಂದು ಸ್ತ್ರೀಮೂರ್ತಿ ನಿಂತಿದೆ. ಅವಳೇ ಗುಳ್ಳಕಾಯಜ್ಜಿ. ಗಂಗರ ಮಂತ್ರಿಯೂ ಸೇನಾನಿಯೂ ಆಗಿದ್ದ ಚಾವುಂಡರಾಯನು ಮೂರ್ತಿಯನ್ನು ಸ್ಥಾಪಿಸಿ ಮೊದಲ ಮಹಾಭಿಷೇಕಕ್ಕೆ ಕೊಡಗಟ್ಟಲೆ ಹಾಲನ್ನು ತರಿಸಿದನಂತೆ. ಎಷ್ಟು ಸುರಿದರೂ ಹಾಲು ಸ್ವಾಮಿಯ ಪಾದದವರೆಗೆ ಇಳಿಯಲಿಲ್ಲ. ಆಗ ಬಡ ಮುದುಕಿಯೊಬ್ಬಳು ಟೊಳ್ಳು ಮಾಡಿದ ಗುಳ್ಳಕಾಯಿಯಲ್ಲಿ ತಂದ ಒಂದಿಷ್ಟು ಹಾಲನ್ನು ಎರೆದಳು. ಆ ಹಾಲು ಇಡೀ ಮೂರ್ತಿಯನ್ನು ತೋಯಿಸಿ ಬೆಟ್ಟದ ಕೆಳಗೂ ಹರಿಯಿತು. ಮುದುಕಿಯ ರೂಪದಲ್ಲಿ ಬಂದವಳು ಯಕ್ಷಿ ಕೂಷ್ಮಾಂಡಿನಿಯೇ ಎಂಬುದು ಐತಿಹ್ಯದ ನಂಬಿಕೆ.

ಈ ಕಥೆಯನ್ನು ಸಾಮಾನ್ಯವಾಗಿ ಅಹಂಕಾರ ಕರಗಿದ ಕಥೆಯೆಂದು ಹೇಳುವುದುಂಟು. ಅದು ಸರಿಯೇ. ಆದರೆ ಅಜ್ಜಿಯ ಕೈಯಲ್ಲಿದ್ದ ಪಾತ್ರೆಯತ್ತ ಗಮನ ಹರಿಯುವುದು ಕಡಿಮೆ. ಒಳಗಿನ ವಸ್ತುವನ್ನು ಒಂದೆಡೆಯಿಂದ ಇನ್ನೊಂದೆಡೆಗೆ ಕೊಂಡೊಯ್ಯಲು ಎಷ್ಟು ಬೇಕೋ ಅಷ್ಟೇ ಇದ್ದ ಪಾತ್ರೆ ಅದು. ಗಿಡವೇ ಕೊಟ್ಟದ್ದು, ಕೆಲಸ ಮುಗಿದ ಮೇಲೆ ಮಣ್ಣಿಗೆ ಮರಳಿ ಮಣ್ಣೇ ಆಗುವಂಥದ್ದು. ಅಭಿಷೇಕ ಮುಗಿದ ಮರುದಿನ ಬೆಟ್ಟದ ಮೇಲೆ ಅದರ ಕುರುಹೂ ಉಳಿಯುವುದಿಲ್ಲ.

ಇಂದಿನ ಉತ್ಸವಗಳ ಮರುದಿನ ಕಾಣುವ ದೃಶ್ಯ ಬೇರೆ. ಕುಡಿದು ಎಸೆದ ನೀರಿನ ಬಾಟಲಿ, ಪ್ರಭಾವನೆಯ ಪೊಟ್ಟಣ, ಸಿಹಿಯ ಡಬ್ಬಿ, ಡಬ್ಬಿಯನ್ನು ಸುತ್ತಿದ ಪಾರದರ್ಶಕ ಹಾಳೆ, ಅದನ್ನು ತುಂಬಿ ಕೊಟ್ಟ ಕೈಚೀಲ. ಒಳಗಿದ್ದ ಸಿಹಿಯ ಆಯುಸ್ಸು ಎರಡು ದಿನ. ಹೊರಗಿನ ಹೊದಿಕೆಯ ಆಯುಸ್ಸು ಅದನ್ನು ಕೊಟ್ಟವರ ಮತ್ತು ಪಡೆದವರ ಆಯುಸ್ಸಿಗಿಂತಲೂ ದೀರ್ಘ. ತ್ಯಾಗವನ್ನು ಕೊಂಡಾಡುವ ದಶಲಕ್ಷಣ ಪರ್ವದ ಹಿಂದೆಯೇ ಕಸದ ರಾಶಿಯೊಂದು ಬೆಳೆಯುತ್ತಿದ್ದರೆ, ಅದು ಪೌರಕಾರ್ಮಿಕರಿಗೆ ಬಿಟ್ಟ ವಿಷಯವಾಗದೆ ಧರ್ಮದ ವಿಷಯವೇ ಆಗುತ್ತದೆ.

ಲೆಕ್ಕವನ್ನೂ ನೋಡಬಹುದು. 1950ರಿಂದ 2015ರವರೆಗೆ ಜಗತ್ತಿನಲ್ಲಿ ತಯಾರಾದ ಪ್ಲಾಸ್ಟಿಕ್ ಸುಮಾರು 830 ಕೋಟಿ ಟನ್ ಎಂದು 2017ರಲ್ಲಿ ಪ್ರಕಟವಾದ ಅಧ್ಯಯನವೊಂದು ಅಂದಾಜಿಸಿತು. ಅದರಲ್ಲಿ ಸುಮಾರು 630 ಕೋಟಿ ಟನ್ ಕಸವಾಗಿ ಹೋಗಿತ್ತು. ಆ ಕಸದಲ್ಲಿ ಮರುಬಳಕೆಯಾದದ್ದು ಶೇ 9 ಮಾತ್ರ. ಶೇ 12ರಷ್ಟನ್ನು ಸುಡಲಾಯಿತು. ಉಳಿದ ಶೇ 79 ನೆಲದಲ್ಲೋ ನೀರಿನಲ್ಲೋ ಉಳಿದಿದೆ. ಪ್ಲಾಸ್ಟಿಕ್ಕಿನ ಅತಿದೊಡ್ಡ ಬಳಕೆ ಯಾವುದೆಂದರೆ ಹೊದಿಕೆ. ಅಂದರೆ ಬಿಚ್ಚಿ ಬಿಸಾಡುವುದಕ್ಕಾಗಿಯೇ ತಯಾರಾಗುವ ವಸ್ತು.

ಪ್ರಯೋಜನವಿಲ್ಲದ ದಂಡ

ಶ್ರಾವಕನು ಸಂಸಾರದಲ್ಲಿರುವವನು. ಅಡುಗೆ, ಕೃಷಿ, ವ್ಯಾಪಾರಗಳಲ್ಲಿ ಒಂದಿಷ್ಟು ಹಿಂಸೆ ಅವನಿಗೆ ತಪ್ಪುವುದಿಲ್ಲ. ಅದನ್ನು ಬಲ್ಲ ಆಚಾರ್ಯರು ಆರಂಭೀ ಮತ್ತು ಉದ್ಯೋಗೀ ಹಿಂಸೆಗಳನ್ನು ಸಂಕಲ್ಪೀ ಹಿಂಸೆಯಿಂದ ಬೇರೆಯಾಗಿಯೇ ಎಣಿಸಿದರು. ಹಾಗೆಂದು ಅನಿವಾರ್ಯದ ಹೆಸರಿನಲ್ಲಿ ಎಲ್ಲವೂ ಕ್ಷಮ್ಯವೆಂದು ಅವರು ಹೇಳಲಿಲ್ಲ. ಅಣುವ್ರತಗಳಿಗೆ ಬಲ ಕೊಡುವ ಗುಣವ್ರತಗಳಲ್ಲಿ ಅನರ್ಥದಂಡ ವಿರತಿಯನ್ನು ಸೇರಿಸಿದರು. ಅರ್ಥವೆಂದರೆ ಪ್ರಯೋಜನ. ಪ್ರಯೋಜನವಿಲ್ಲದೆ ಜೀವಗಳಿಗೆ ಕೊಡುವ ದಂಡನೆಯೇ ಅನರ್ಥದಂಡ.

ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಅನರ್ಥದಂಡದ ಐದು ಬಗೆಗಳನ್ನು ವಿವರಿಸಿದ್ದಾರೆ: ಪಾಪೋಪದೇಶ, ಹಿಂಸಾದಾನ, ಅಪಧ್ಯಾನ, ದುಃಶ್ರುತಿ ಮತ್ತು ಪ್ರಮಾದಚರ್ಯೆ. ಕೊನೆಯದಾದ ಪ್ರಮಾದಚರ್ಯೆಗೆ ಅವರು ಕೊಡುವ ಉದಾಹರಣೆಗಳು ಇಂದಿಗೂ ಹೊಸವು. ಕಾರಣವಿಲ್ಲದೆ ನೆಲ ಅಗೆಯುವುದು, ನೀರು ಚೆಲ್ಲುವುದು, ಬೆಂಕಿ ಹೊತ್ತಿಸುವುದು, ಗಾಳಿಯನ್ನು ಕಲಕುವುದು, ಗಿಡಬಳ್ಳಿಗಳನ್ನು ಕಡಿಯುವುದು ಎಲ್ಲವೂ ಅದರಲ್ಲಿ ಸೇರುತ್ತವೆ. ಪೃಥ್ವಿ, ಜಲ, ಅಗ್ನಿ, ವಾಯು, ವನಸ್ಪತಿ ಎಂಬ ಪಂಚ ಸ್ಥಾವರ ಕಾಯಗಳಲ್ಲಿ ಏಕೇಂದ್ರಿಯ ಜೀವವನ್ನು ಕಂಡ ದರ್ಶನಕ್ಕೆ ಈ ಎಚ್ಚರ ಸಹಜ.

ಒಂದು ಸಿಹಿ ಡಬ್ಬಿಯನ್ನು ಈ ಐದು ಕಾಯಗಳ ಮುಂದಿಟ್ಟು ನೋಡಬೇಕು. ಅದರ ರಟ್ಟು ಮರದ ತಿರುಳು. ತಿರುಳನ್ನು ಬೇಯಿಸಿ ತೊಳೆಯಲು ಬೇಕಾದದ್ದು ನೀರು ಮತ್ತು ಬೆಂಕಿ. ಅದರ ಹೊಳೆಯುವ ಹಾಳೆ ಭೂಮಿಯ ಒಡಲಿನಿಂದ ತೆಗೆದ ಕಚ್ಚಾ ತೈಲ. ಬಳಿಕ ಅದನ್ನು ಸುಟ್ಟರೆ ಕೆಡುವುದು ಗಾಳಿ. ಸಿಹಿ ಕೆಡದಂತೆ, ಚೆಲ್ಲದಂತೆ ಕಾಯಲು ಒಂದು ಪಾತ್ರೆ ಬೇಕು, ಅಷ್ಟು ಪ್ರಯೋಜನ. ಡಬ್ಬಿಯೊಳಗಿನ ಪ್ರತಿ ತುಂಡಿಗೂ ಒಂದು ತಟ್ಟೆ, ಡಬ್ಬಿಯ ಮೇಲೊಂದು ಹಾಳೆ, ಹಾಳೆಯ ಮೇಲೊಂದು ರಿಬ್ಬನ್, ಅದರ ಮೇಲೊಂದು ಚೀಲ ಎಂಬುದು ಯಾವ ಸಿಹಿಯನ್ನೂ ಕಾಯುವುದಿಲ್ಲ. ಅದು ಕೊಡುವವನ ಅಂತಸ್ತನ್ನು ಕಾಯುತ್ತದೆ. ಪ್ರಯೋಜನ ಮುಗಿದು ಅನರ್ಥದಂಡ ಆರಂಭವಾಗುವ ಗೆರೆ ಅಲ್ಲಿದೆ.

ತತ್ತ್ವಾರ್ಥಸೂತ್ರವು ಈ ವ್ರತದ ಅತಿಚಾರಗಳನ್ನು ಎಣಿಸುವಾಗ ಎರಡು ಮಾತುಗಳನ್ನು ವಿಶೇಷವಾಗಿ ಹೇಳುತ್ತದೆ. ಪರಿಣಾಮವನ್ನು ಪರಿಶೀಲಿಸದೆ ಕಾರ್ಯಕ್ಕಿಳಿಯುವುದು ಅಸಮೀಕ್ಷ್ಯಾಧಿಕರಣ; ಬಳಕೆಗೆ ಬೇಕಾದುದಕ್ಕಿಂತ ಹೆಚ್ಚು ಭೋಗವಸ್ತುಗಳನ್ನು ಕೂಡಿಸುವುದು ಉಪಭೋಗ ಪರಿಭೋಗಾನರ್ಥಕ್ಯ. ಹೊದಿಕೆಯ ದುಂದಿನಲ್ಲಿ ಇವೆರಡೂ ಒಟ್ಟಿಗೆ ನಡೆಯುತ್ತವೆ.

‘ಡಬ್ಬಿ ಮಾಡಿದವನು ಕಾರ್ಖಾನೆಯವನು, ಕೊಟ್ಟವನು ಅಂಗಡಿಯವನು, ನನ್ನದೇನು?’ ಎಂಬ ಪ್ರಶ್ನೆಗೂ ಶಾಸ್ತ್ರದಲ್ಲಿ ಉತ್ತರವಿದೆ. ಕರ್ಮದ ಆಸ್ರವವು ಸಂರಂಭ, ಸಮಾರಂಭ, ಆರಂಭಗಳಿಂದ. ಮನ, ವಚನ, ಕಾಯಗಳಿಂದ. ಕೃತ, ಕಾರಿತ, ಅನುಮೋದನೆಗಳಿಂದ. ಕ್ರೋಧ, ಮಾನ, ಮಾಯಾ, ಲೋಭಗಳಿಂದ ಆಗುತ್ತದೆ. ಇವನ್ನು ಗುಣಿಸಿದರೆ 108. ಜಪಮಾಲೆಯ ಮಣಿಗಳಿಗೂ ಈ ಸಂಖ್ಯೆಗೂ ಸಂಬಂಧ ಹೇಳುವುದುಂಟು. ತಾನೇ ಮಾಡಿದ್ದು ಎಷ್ಟೋ, ಮಾಡಿಸಿದ್ದೂ ಮೆಚ್ಚಿದ್ದೂ ಅಷ್ಟೇ. ಮದುವೆಯ ಉಡುಗೊರೆಯ ಡಬ್ಬಿ ಎಷ್ಟು ಭರ್ಜರಿಯಾಗಿದೆಯೆಂದು ಹೊಗಳಿದ ಮಾತು ಅನುಮೋದನೆಯ ಲೆಕ್ಕಕ್ಕೆ ಸೇರುತ್ತದೆ.

ಮುನಿಯ ಕೈ, ಮುನಿಯ ಪಿಂಛಿ

ದಿಗಂಬರ ಮುನಿಗಳ ಚರ್ಯೆ ಗೃಹಸ್ಥನಿಗೆ ಅನುಕರಣೆಗೆ ನಿಲುಕದು. ಆದರೆ ದಿಕ್ಕು ತೋರುತ್ತದೆ. ಮುನಿಗಳಿಗೆ ಆಹಾರಕ್ಕೆ ತಟ್ಟೆಯಿಲ್ಲ. ದಿನಕ್ಕೊಮ್ಮೆ, ನಿಂತು, ಜೋಡಿಸಿದ ಅಂಗೈಯಲ್ಲೇ ಆಹಾರ ಸ್ವೀಕಾರ. ಇದನ್ನು ಕರಪಾತ್ರವೆನ್ನುತ್ತಾರೆ. ತೊಳೆದು ಎಸೆಯುವ ಪಾತ್ರೆಯೇ ಇಲ್ಲದ ಊಟ ಜಗತ್ತಿನಲ್ಲಿ ಇದ್ದರೆ ಅದು ಇದೇ. ಅವರ ಬಳಿ ಇರುವುದು ಪಿಂಛಿ, ಕಮಂಡಲು ಮತ್ತು ಶಾಸ್ತ್ರ. ಪಿಂಛಿಗೆ ನವಿಲನ್ನು ನೋಯಿಸುವಂತಿಲ್ಲ. ನವಿಲು ತಾನಾಗಿ ಉದುರಿಸಿದ ಗರಿಗಳನ್ನೇ ಆರಿಸಿ ಕಟ್ಟಬೇಕು.

ಐದು ಸಮಿತಿಗಳಲ್ಲಿ ಎರಡು ವಸ್ತುವಿಗೇ ಸಂಬಂಧಪಟ್ಟವು. ವಸ್ತುವನ್ನು ಎತ್ತುವಾಗ, ಇಡುವಾಗ ಜೀವಗಳನ್ನು ನೋಡಿ ನಡೆದುಕೊಳ್ಳುವುದು ಆದಾನ ನಿಕ್ಷೇಪಣ ಸಮಿತಿ. ತ್ಯಾಜ್ಯವನ್ನು ಜೀವರಹಿತವಾದ ಜಾಗ ನೋಡಿ ವಿಸರ್ಜಿಸುವುದು ಉತ್ಸರ್ಗ ಸಮಿತಿ. ಪ್ರತಿಷ್ಠಾಪನ ಸಮಿತಿಯೆಂದೂ ಹೆಸರು. ಬಿಸಾಡುವ ಕ್ರಿಯೆಯನ್ನೂ ವ್ರತವನ್ನಾಗಿ ಎಣಿಸಿದ ಪರಂಪರೆ ಇದು. ಈ ಸಮಿತಿಯ ಬೆಳಕಿನಲ್ಲಿ ನೋಡಿದರೆ, ಊಟದ ಉಳಿಕೆಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಬೀದಿಗೆ ಹಾಕುವ ಅಭ್ಯಾಸದ ಭಾರ ಅರಿವಾಗುತ್ತದೆ. ವಾಸನೆಗೆ ಬಂದ ಹಸುವಿಗೆ ಗಂಟು ಬಿಚ್ಚಲು ಬಾರದು. ಅದು ಚೀಲಸಮೇತ ನುಂಗುತ್ತದೆ. ಪ್ಲಾಸ್ಟಿಕ್ ಹಸುವಿನ ಮೊದಲ ಹೊಟ್ಟೆಯಲ್ಲೇ ಉಳಿದು, ಉಂಡೆಗಟ್ಟಿ, ಮೇವಿಗೆ ಜಾಗವಿಲ್ಲದಂತೆ ಮಾಡುತ್ತದೆ. ಪಶುವೈದ್ಯರು ಶಸ್ತ್ರಚಿಕಿತ್ಸೆಯಲ್ಲಿ ಕಿಲೋಗಟ್ಟಲೆ ಚೀಲಗಳನ್ನು ಹೊರತೆಗೆದ ನಿದರ್ಶನಗಳು ಹಲವು. ಗೋಶಾಲೆಗೆ ದಾನ ಕೊಡುವ ಕೈ ಮತ್ತು ಗಂಟು ಕಟ್ಟುವ ಕೈ ಒಂದೇ ಮನೆಯದಾಗಬಾರದು.

ಲೇಶ್ಯಾವೃಕ್ಷದ ಪಾಠ

ಚಾವುಂಡರಾಯನ ಗುರುಗಳಾದ ನೇಮಿಚಂದ್ರ ಸಿದ್ಧಾಂತ ಚಕ್ರವರ್ತಿಗಳ ಗೊಮ್ಮಟಸಾರದಲ್ಲಿ ಆರು ಲೇಶ್ಯೆಗಳ ದೃಷ್ಟಾಂತ ಬರುತ್ತದೆ. ಶ್ರವಣಬೆಳಗೊಳದ ಜೈನ ಮಠದ ಭಿತ್ತಿಚಿತ್ರಗಳಲ್ಲಿಯೂ ಆ ಮರವನ್ನು ಕಾಣಬಹುದು. ಹಸಿದ ಆರು ಮಂದಿ ಹಣ್ಣಿನ ಮರದ ಬಳಿಗೆ ಬರುತ್ತಾರೆ. ಕೃಷ್ಣ ಲೇಶ್ಯೆಯವನು ಮರವನ್ನು ಬುಡಸಹಿತ ಕೀಳಬೇಕೆನ್ನುತ್ತಾನೆ. ನೀಲ ಲೇಶ್ಯೆಯವನಿಗೆ ಕಾಂಡವನ್ನು ಕಡಿದರೆ ಸಾಕು, ಕಾಪೋತದವನಿಗೆ ದೊಡ್ಡ ಕೊಂಬೆ, ಪೀತದವನಿಗೆ ಚಿಕ್ಕ ಕೊಂಬೆ. ಪದ್ಮ ಲೇಶ್ಯೆಯವನು ಹಣ್ಣನ್ನಷ್ಟೇ ಕೀಳುತ್ತಾನೆ. ಶುಕ್ಲ ಲೇಶ್ಯೆಯವನು ನೆಲಕ್ಕೆ ಬಿದ್ದ ಹಣ್ಣನ್ನು ಆರಿಸಿಕೊಳ್ಳುತ್ತಾನೆ. ಆರು ಮಂದಿಯ ಹಸಿವೂ ಒಂದೇ. ಅದನ್ನು ತಣಿಸಲು ಮರಕ್ಕೆ ಕೊಡುವ ನೋವು ಮಾತ್ರ ಬೇರೆ ಬೇರೆ.

ಹೊದಿಕೆಗೂ ಈ ಮರವನ್ನು ಅನ್ವಯಿಸಬಹುದು. ತುಳುನಾಡಿನ, ಮಲೆನಾಡಿನ ಅಡಿಕೆ ತೋಟಗಳಲ್ಲಿ ಹಾಳೆ ತಾನಾಗಿ ಕಳಚಿ ಬೀಳುತ್ತದೆ, ಯಾರೂ ಕಡಿಯಬೇಕಿಲ್ಲ. ಹಿಂದೆ ಅದೇ ಹಾಳೆ ದುಡಿಯುವವರ ತಲೆಗೆ ಮುಟ್ಟಾಳೆಯಾಗುತ್ತಿತ್ತು. ಈಗ ಅದನ್ನು ತೊಳೆದು, ಬಿಸಿ ಅಚ್ಚಿನಲ್ಲಿ ಒತ್ತಿ ತಟ್ಟೆ, ದೊನ್ನೆಗಳನ್ನು ಮಾಡುತ್ತಾರೆ. ಅಂಟಿಲ್ಲ, ಬಣ್ಣವಿಲ್ಲ, ಬಳಸಿದ ಮೇಲೆ ಗೊಬ್ಬರದ ಗುಂಡಿಗೆ ಸೇರುತ್ತದೆ. ಬಯಲುಸೀಮೆಯಲ್ಲಿ ಮುತ್ತುಗದ ಎಲೆಗಳನ್ನು ಕಡ್ಡಿಯಿಂದ ಹೊಲಿದು ಒಣಗಿಸಿಟ್ಟ ಪತ್ರಾವಳಿ ವರ್ಷಪೂರ್ತಿ ಒದಗುತ್ತದೆ. ಕರಾವಳಿಯಲ್ಲಿ ಹಲಸಿನ ಎಲೆಗಳನ್ನು ಹೆಣೆದ ಕೊಟ್ಟೆಯೇ ಕಡುಬಿನ ಅಚ್ಚು, ಅದೇ ಪೊಟ್ಟಣ. ಕಬ್ಬಿನಿಂದ ರಸ ಹಿಂಡಿದ ಮೇಲೆ ಉಳಿದ ಸಿಪ್ಪೆಯಿಂದಲೂ ತಟ್ಟೆ, ಡಬ್ಬಿಗಳು ಬರುತ್ತಿವೆ. ಬಿದ್ದದ್ದನ್ನು, ಉಳಿದದ್ದನ್ನು ಆರಿಸಿಕೊಳ್ಳುವ ಬುದ್ಧಿ ಇವುಗಳ ಹಿಂದಿದೆ.

ಒಂದೇ ನಯ ಸಾಲದು

ಆದರೆ ಯಾವ ಪರ್ಯಾಯವನ್ನೂ ಕಣ್ಣುಮುಚ್ಚಿ ಪೂಜಿಸುವಂತಿಲ್ಲ. ವಸ್ತುವಿಗೆ ಅನೇಕ ಮುಖಗಳಿವೆಯೆಂಬ ಅನೇಕಾಂತ ದೃಷ್ಟಿ ಇಲ್ಲಿಯೂ ಅಗತ್ಯ. ಪ್ಲಾಸ್ಟಿಕ್ ಬಿಟ್ಟು ಬಟ್ಟೆ ಚೀಲ ಹಿಡಿದರೆ ದೋಷ ಮುಗಿಯಿತೆಂದು ಹಲವರ ಭಾವನೆ. ಹತ್ತಿ ಬೆಳೆಯಲು ನೀರು, ಗೊಬ್ಬರ, ಕೀಟನಾಶಕಗಳು ಬೇಕು. ಬ್ರಿಟನ್ನಿನ ಪರಿಸರ ಸಂಸ್ಥೆ 2011ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಹವಾಮಾನದ ಮೇಲಿನ ಪರಿಣಾಮದಲ್ಲಿ ತೆಳು ಪ್ಲಾಸ್ಟಿಕ್ ಚೀಲದ ಒಂದು ಬಳಕೆಗೆ ಸಮನಾಗಲು ಹತ್ತಿಯ ಚೀಲವನ್ನು 131 ಸಲ ಬಳಸಬೇಕು. ಪ್ರತಿ ಸಮಾರಂಭದಲ್ಲೂ ಹೆಸರು ಅಚ್ಚುಹಾಕಿಸಿ ಹಂಚಿದ ಹೊಸ ಚೀಲಗಳು ಕಪಾಟಿನಲ್ಲಿ ಕುಳಿತರೆ ಅದು ಪರ್ಯಾಯವಾಗದೆ ಮತ್ತೊಂದು ಪರಿಗ್ರಹವಾಗುತ್ತದೆ. ಹರಿಯುವವರೆಗೆ ಬಳಸಿದ ಹಳೆಯ ಚೀಲಕ್ಕೆ ಮಾತ್ರ ಆ ಪುಣ್ಯ.

ಕಾಗದದ ಲೋಟದ ಒಳಮೈಗೆ ಸಾಮಾನ್ಯವಾಗಿ ತೆಳುವಾದ ಪ್ಲಾಸ್ಟಿಕ್ ಲೇಪವಿರುತ್ತದೆ. ‘ಗೊಬ್ಬರವಾಗುವ ಪ್ಲಾಸ್ಟಿಕ್’ ಎಂದು ಮಾರಾಟವಾಗುವ ಹಲವು ವಸ್ತುಗಳು ಕೈಗಾರಿಕಾ ಗೊಬ್ಬರ ಘಟಕದ ಸುಮಾರು 60 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಕರಗುವವೇ ಹೊರತು ಹಿತ್ತಿಲ ಗುಂಡಿಯಲ್ಲಿ ಬೇಗ ಕರಗುವವಲ್ಲ. ಅಡಿಕೆ ಹಾಳೆಯ ತಟ್ಟೆಯಿಂದ ಅಡಿಕೆಯ ಅಂಶಗಳು ಆಹಾರಕ್ಕೆ ಇಳಿಯಬಹುದೆಂದು ಅಮೆರಿಕದ ಆಹಾರ ನಿಯಂತ್ರಣ ಸಂಸ್ಥೆ 2025ರಲ್ಲಿ ಆಕ್ಷೇಪವೆತ್ತಿದೆ. ಹಸಿ ಬಾಳೆಲೆಯೂ ಕತ್ತರಿಸಿದ ವನಸ್ಪತಿಯೇ. ಸ್ಟೀಲ್ ತಟ್ಟೆ ತೊಳೆಯಲು ನೀರು ಬೇಕು.

ಹಾಗಾದರೆ ಮಾಡುವುದೇನು? ಯಾವ ವಸ್ತು ಸಂಪೂರ್ಣ ನಿರ್ದೋಷಿ ಎಂದು ಹುಡುಕುತ್ತ ಕುಳಿತರೆ ಉತ್ತರ ಸಿಗದು. ಪ್ರಶ್ನೆಗಳ ಕ್ರಮವನ್ನು ಸರಿಪಡಿಸಿಕೊಂಡರೆ ದಾರಿ ತೆರೆಯುತ್ತದೆ. ಮೊದಲನೆಯದು, ಈ ಹೊದಿಕೆ ಬೇಕೇ? ಬೇಡವಾದರೆ ಅಲ್ಲಿಗೇ ಮುಗಿಯಿತು. ಇಲ್ಲದ ಹೊದಿಕೆಯಷ್ಟು ಅಹಿಂಸಕವಾದದ್ದು ಇನ್ನೊಂದಿಲ್ಲ. ಬೇಕೆಂದಾದರೆ, ಮನೆಯಲ್ಲಿ ಈಗಾಗಲೇ ಇರುವ ಪಾತ್ರೆಯಿಂದ ಕೆಲಸ ನಡೆಯುವುದೇ? ನಡೆಯದಿದ್ದರೆ, ಉದುರಿದ ಇಲ್ಲವೇ ಉಳಿದ ವಸ್ತುವಿನಿಂದ ಮಾಡಿದ್ದು ದೊರೆಯುವುದೇ? ಅದೂ ಇಲ್ಲವಾದರೆ, ಮತ್ತೆ ಅಚ್ಚಿಗೆ ಹೋಗಬಲ್ಲ ಒಂದೇ ಬಗೆಯ ವಸ್ತುವಿನದೇ? ಕುರುಕಲು ತಿಂಡಿಯ ಹೊಳೆಯುವ ಪೊಟ್ಟಣಗಳಲ್ಲಿ ಪ್ಲಾಸ್ಟಿಕ್ ಮತ್ತು ಅಲ್ಯೂಮಿನಿಯಮ್ ಪದರಗಳು ಬೇರ್ಪಡಿಸಲಾಗದಂತೆ ಬೆಸೆದಿರುವುದರಿಂದ ಅವುಗಳಿಗೆ ಮರುಜನ್ಮ ದುರ್ಲಭ. ಅವು ಪಟ್ಟಿಯ ಕೊನೆಗೆ ಸೇರುತ್ತವೆ.

ಮನೆ, ಅಂಗಡಿ, ಬಸದಿ

ಮನೆಯಲ್ಲಿ ಇದು ಹೊಸ ಪಾಠವೇನಲ್ಲ. ಎಣ್ಣೆಗೆ ಡಬ್ಬಿ, ಹಾಲಿಗೆ ಚೆಂಬು, ಬೇಳೆಗೆ ಚೀಲ ಹಿಡಿದು ಹೋಗುವುದು ಒಂದು ತಲೆಮಾರಿನ ಹಿಂದೆ ಎಲ್ಲ ಊರುಗಳ ಪದ್ಧತಿಯಾಗಿತ್ತು. ನೀರು ಗಾಳಿಸುವ ಕ್ರಮವನ್ನು ಉಳಿಸಿಕೊಂಡಿರುವ ಶ್ರಾವಕರ ಮನೆಗಳಲ್ಲಿ ಇನ್ನೂ ಸೂಕ್ಷ್ಮವಾದ ಪಾಠವಿದೆ. ದಪ್ಪ ಬಟ್ಟೆಯಲ್ಲಿ ನೀರನ್ನು ಸೋಸಿ, ಬಟ್ಟೆಯಲ್ಲಿ ಉಳಿದ ಜೀವಿಗಳನ್ನು ಅದೇ ಬಾವಿಗೆ, ಅದೇ ಜಲಕ್ಕೆ ಮರಳಿ ಬಿಡಬೇಕೆಂಬುದು ನಿಯಮ. ತಂದ ಜಾಗಕ್ಕೇ ಮರಳಿಸುವುದು ಅದರ ಸಾರ. ಇಷ್ಟು ಎಚ್ಚರದಿಂದ ಸೋಸಿದ ನೀರನ್ನು ಕುಡಿಯುವವರು ಪೂಜಾಮಹೋತ್ಸವದಲ್ಲಿ ಸಾವಿರಾರು ಮೊಹರಿನ ಬಾಟಲಿಗಳನ್ನು ಹಂಚಿದರೆ ಆ ನಿಯಮದ ಮರ್ಯಾದೆ ಉಳಿಯುವುದಿಲ್ಲ. ಗಾಳಿಸಿ ಕಾಯಿಸಿದ ನೀರಿನ ಹಂಡೆ, ತೊಳೆದಿಟ್ಟ ಲೋಟಗಳು, ಬಡಿಸಲು ನಾಲ್ಕು ಕೈಗಳು ಸಾಕು.

ವ್ಯಾಪಾರಿಗಳ ಜವಾಬ್ದಾರಿ ದೊಡ್ಡದು. ಕಿರಾಣಿ, ಜವಳಿ, ಸಿಹಿತಿಂಡಿಗಳ ವ್ಯಾಪಾರದಲ್ಲಿ ಶ್ರಾವಕರು ತಲೆಮಾರುಗಳಿಂದ ಇದ್ದಾರೆ. ಉದ್ಯೋಗೀ ಹಿಂಸೆಯನ್ನು ತಗ್ಗಿಸುವ ಅಧಿಕಾರ ಅಂಗಡಿಯ ಗಲ್ಲಾದ ಮುಂದೆ ಕುಳಿತವನಿಗೆ ಇರುವಷ್ಟು ಗಿರಾಕಿಗೆ ಇರುವುದಿಲ್ಲ. ಗಿರಾಕಿ ತಂದ ಪಾತ್ರೆಯನ್ನು ಬೇಸರಿಸದೆ ತೂಗಿ ತುಂಬಿಕೊಡುವುದು, ಗಾಜಿನ ಭರಣಿಯನ್ನು ಮರಳಿಸಿದವರಿಗೆ ಮುಂಗಡ ಹಣ ಹಿಂತಿರುಗಿಸುವುದು, ಕೇಳದ ಹೊರತು ಚೀಲ ಕೊಡದಿರುವುದು ಅಹಿಂಸಾಣುವ್ರತದ ಭಾಗವೇ ಆಗಬಲ್ಲದು. ಕಾನೂನೂ ಇದೇ ದಿಕ್ಕಿನಲ್ಲಿದೆ. ಕರ್ನಾಟಕವು 2016ರಲ್ಲಿಯೇ ಪ್ಲಾಸ್ಟಿಕ್ ಕೈಚೀಲ, ತಟ್ಟೆ, ಲೋಟಗಳನ್ನು ನಿಷೇಧಿಸಿತು. 2022ರ ಜುಲೈ 1ರಿಂದ ದೇಶದಾದ್ಯಂತ ಜಾರಿಯಾದ ನಿಷೇಧದ ಪಟ್ಟಿಯಲ್ಲಿ ಸಿಹಿ ಡಬ್ಬಿಗಳಿಗೂ ಆಮಂತ್ರಣ ಪತ್ರಿಕೆಗಳಿಗೂ ಸುತ್ತುವ ಪ್ಲಾಸ್ಟಿಕ್ ಹಾಳೆಯ ಹೆಸರೇ ಇದೆ. ಸರ್ಕಾರವು ದಂಡದ ಭಯದಿಂದ ಬಿಡಿಸಲು ಯತ್ನಿಸುತ್ತಿರುವುದನ್ನು ಶ್ರಾವಕನು ವ್ರತದ ಬಲದಿಂದ ಬಿಡಬೇಕಾದದ್ದು ನ್ಯಾಯ.

ಬಸದಿಗಳೂ ಸಭಾಭವನಗಳೂ ಮನಸ್ಸು ಮಾಡಿದರೆ ಬದಲಾವಣೆ ಬೇಗ ಬರುತ್ತದೆ. ಮದುವೆ, ಪಂಚಕಲ್ಯಾಣ, ಪಾರಣೆಗಳಿಗೆ ಬಳಸಲು ತಟ್ಟೆ ಲೋಟಗಳ ಸಂಗ್ರಹವೊಂದನ್ನು ದಾನಿಗಳು ಬಸದಿಗೆ ಕೊಟ್ಟರೆ, ಅದು ಹತ್ತಾರು ವರ್ಷ ಊರಿಗೆಲ್ಲ ಸಲ್ಲುತ್ತದೆ. ಪ್ರಭಾವನೆಯಾಗಿ ಕೊಡುವ ವಸ್ತು ಬರಿಗೈಯಲ್ಲಿ ಸ್ವೀಕರಿಸುವಂಥದ್ದಾದರೆ ಪೊಟ್ಟಣದ ಮಾತೇ ಬರುವುದಿಲ್ಲ. ಒಂದು ತೆಂಗಿನಕಾಯಿಗೆ, ಒಂದು ಬಾಳೆಹಣ್ಣಿಗೆ ಪ್ರಕೃತಿಯೇ ಹೊದಿಕೆ ತೊಡಿಸಿ ಕಳುಹಿಸಿರುತ್ತದೆ.

ಹೊಟ್ಟು ಬೇರೆ, ಕಾಳು ಬೇರೆ

ಕುಂದಕುಂದಾಚಾರ್ಯರು ಭಾವಪಾಹುಡದಲ್ಲಿ ಶಿವಭೂತಿ ಮುನಿಯನ್ನು ಸ್ಮರಿಸಿದ್ದಾರೆ. ಪರಂಪರೆಯ ಕಥೆಯಂತೆ ಆತನಿಗೆ ಗುರುಗಳ ಉಪದೇಶ ನೆನಪಿನಲ್ಲಿ ನಿಲ್ಲುತ್ತಿರಲಿಲ್ಲ. ಒಮ್ಮೆ ಉದ್ದಿನ ಹೊಟ್ಟನ್ನು ಬೇರ್ಪಡಿಸುತ್ತಿದ್ದ ಸ್ತ್ರೀಯನ್ನು ಕಂಡು, ಹೊಟ್ಟು ಬೇರೆ, ಉದ್ದು ಬೇರೆ ಎಂಬುದನ್ನೇ ಮನನ ಮಾಡುತ್ತ ದೇಹ ಬೇರೆ, ಆತ್ಮ ಬೇರೆ ಎಂಬ ಭೇದವಿಜ್ಞಾನಕ್ಕೆ ಏರಿ ಕೇವಲಜ್ಞಾನ ಪಡೆದನು. ಹೊದಿಕೆಯ ಮೋಹ ಕಳೆದಾಗ ಒಳಗಿನದು ಕಂಡಿತು. ಅಂಗಡಿಯ ಮುಂದೆ ನಿಂತಾಗ ಈ ಭೇದವಿಜ್ಞಾನದ ಅಲ್ಪಾಂಶವಾದರೂ ಒದಗಬೇಕು. ಬೇಕಾದದ್ದು ಬೇಳೆಯೋ ಡಬ್ಬಿಯೋ, ಕೊಡಬೇಕಾದದ್ದು ವಾತ್ಸಲ್ಯವೋ ಹೊಳಪೋ ಎಂದು ಅರೆಕ್ಷಣ ವಿವೇಚಿಸಿದರೆ ಅರ್ಧ ಹೊದಿಕೆ ಅಲ್ಲಿಯೇ ಉಳಿಯುತ್ತದೆ.

ಸಮಂತಭದ್ರರು ಭೋಗೋಪಭೋಗ ಪರಿಮಾಣವನ್ನು ಹೇಳುವಾಗ ತ್ಯಾಗದಲ್ಲಿ ಎರಡು ವಿಧ ಮಾಡಿದ್ದಾರೆ: ಜೀವನಪರ್ಯಂತದ್ದು ಯಮ, ಕಾಲಮಿತಿಯದ್ದು ನಿಯಮ. ಒಂದು ದಿನ, ಒಂದು ಪಕ್ಷ, ಒಂದು ತಿಂಗಳು ಎಂದು ಅಳತೆಯಿಟ್ಟು ಬಿಡುವುದಕ್ಕೂ ವ್ರತದ ಬೆಲೆಯಿದೆ. ಎಲ್ಲವನ್ನೂ ಒಮ್ಮೆಗೇ ಬಿಡಲಾಗದವನು ಈ ಚತುರ್ದಶಿಯಿಂದ ಮುಂದಿನ ಚತುರ್ದಶಿಯವರೆಗೆ ಹೊಸ ಕೈಚೀಲ ಸ್ವೀಕರಿಸುವುದಿಲ್ಲವೆಂದು ನಿಯಮ ಹಿಡಿಯಬಹುದು. ಅದು ನಿಂತ ಮೇಲೆ ನೀರಿನ ಬಾಟಲಿ, ಆಮೇಲೆ ಉಡುಗೊರೆಯ ಹಾಳೆ. ನಿಯಮ ಪಳಗಿದಂತೆ ಕೆಲವು ತಾವಾಗಿ ಯಮವಾಗುತ್ತವೆ. ಮನೆಯ ಕಸದ ಬುಟ್ಟಿಯೂ ಅದಕ್ಕೆ ತಕ್ಕಂತೆ ಹಗುರಾಗುತ್ತದೆ.